ತಳ ಹರಿದ ಚೀಲ

ನನ್ನ ಹತ್ತಿರ ಹಳೇ ದಿಂಬಿನ ಕವರಿನದೊಂದು ಚೀಲ ಇದೆ. ಒಳಗೆ ಚಮಚ, ಬಾಚಣಿಗೆ, ನಿಂಬೆಹಣ್ಣು. ಮಕ್ಕಳು ಕಣ್ಣು ಮುಚ್ಚಿ ಕೈ ಹಾಕಿ, ಬರೀ ಮುಟ್ಟಿ ಏನೆಂದು ಹೇಳಬೇಕು. ನಾನು ವಿಶೇಷ ಮಕ್ಕಳ ಟೀಚರ್. ಹಲಸೂರಿನ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿಗೆ ಈ ಆಟ ಆಡಿಸುತ್ತೇನೆ.

ರೇಣುಕಾ ಮಾತ್ರ ಆಟಕ್ಕೆ ಬರುತ್ತಿರಲಿಲ್ಲ. ಮಾತಿಲ್ಲ. ಯಾರಾದರೂ ಕೈ ಹಿಡಿದರೆ ಕಿರುಚುತ್ತಾಳೆ. ರಸ್ತೆ ದಾಟುವಾಗಲೂ ಅವಳಮ್ಮ ಸೆರಗಿನ ತುದಿ ಕೊಟ್ಟೇ ಕರೆದುಕೊಂಡು ಬರುತ್ತಾರೆ.

ಮೊನ್ನೆ ಇದ್ದಕ್ಕಿದ್ದಂತೆ ಚೀಲ ಕಿತ್ತುಕೊಂಡು, ಇದ್ದದ್ದೆಲ್ಲ ಸುರಿದು, ಅದರ ಬಾಯಿ ನನ್ನ ಮುಂದೆ ಹಿಡಿದಳು.

"ಈಗ ನಿಮ್ಮ ಸರದಿ ಮಿಸ್! ನೋಡ್ಬಾರ್ದು!" ಅಂತ ಪಕ್ಕದ ಸಲ್ಮಾ ಕೂಗಿದಳು.

ಕಣ್ಣು ಮುಚ್ಚಿ ಕೈ ಹಾಕಿದೆ. ಬೆಚ್ಚಗೆ ಏನೋ ಅಲ್ಲಾಡಿತು. ಇಲಿ ಅಂದುಕೊಂಡು ಕದ್ದು ಒಂದು ಕಣ್ಣು ತೆರೆದೆ. ಕಿತ್ತುಕೊಂಡ ರಭಸಕ್ಕೆ ಚೀಲದ ತಳದ ಹೊಲಿಗೆ ಬಿಟ್ಟಿತ್ತು; ಅಲ್ಲಿಂದ ರೇಣುಕಾ ತನ್ನ ಕೈ ತೂರಿಸಿದ್ದಳು.

ನಾನು ಹಿಡಿಯಲಿಲ್ಲ, ಸುಮ್ಮನೆ ಮುಟ್ಟಿಕೊಂಡಿದ್ದೆ. ಸರಿಯಾಗಿ ಹೇಳಿದರೆ ಆಟ ಮುಗಿಯುತ್ತೆ, ಕೈ ವಾಪಸ್ ಹೋಗುತ್ತೆ.

"ಇಡ್ಲಿನಾ?" ಎಂದೆ.

"ಅಲ್ಲ ಅಂತ ತಲೆ ಅಲ್ಲಾಡಿಸ್ತಿದಾಳೆ ಮಿಸ್!" ಎಂದಳು ಸಲ್ಮಾ.

"ಬೆಂಡೆಕಾಯಿ? ಬೆಕ್ಕಿನ ಮರಿ?"

ಒಳಗೆ ಬೆರಳುಗಳು ನಗುವಿಗೆ ಕುಲುಕುತ್ತಿದ್ದವು.

"ಇಷ್ಟೂ ಗೊತ್ತಾಗಲ್ವಾ ಮಿಸ್ ನಿಮ್ಗೆ?" ಸಲ್ಮಾಗೆ ನನ್ನ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು.

ಚೀಲ ಹೊಲಿಸಿಕೊಳ್ಳಿ ಎಂದು ಕ್ಲಾಸ್ ಟೀಚರ್ ಹೇಳುತ್ತಲೇ ಇದ್ದಾರೆ. ಈಗ ನಿಂಬೆಹಣ್ಣು ಹಾಕಿದರೆ ಸೀದಾ ನೆಲಕ್ಕೆ ಬೀಳುತ್ತೆ. ಬೀಳಲಿ.