ಚಿಕ್ಕಹನುಮಕ್ಕನ ತುಂಬು ಮಾರು

ಮಧುಗಿರಿ ಬಸ್ ನಿಲ್ದಾಣದ ಮಗ್ಗುಲಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹೂವಿನ ಚಿಕ್ಕಹನುಮಕ್ಕ ಗೋಣಿಚೀಲದ ಮೇಲೆ ಸೇವಂತಿಗೆ ಸುರಿದುಕೊಂಡು ಕೂತಿದ್ದಾರೆ. ಗಿರಾಕಿ ಬಂದರೆ ಎರಡೂ ಕೈ ಅಗಲಕ್ಕೆ ಚಾಚಿ ಒಂದು ಮಾರು ಅಳೆಯುತ್ತಾರೆ, ಮೇಲೊಂದು ಮೊಳ ಕೊಸರು ಹಾಕುತ್ತಾರೆ. ಬೆರಳುದ್ದ ಹೂವಿಗೂ ಜಗ್ಗಾಡುವ ಕಾಲದಲ್ಲಿ ಇದೇನು ಧಾರಾಳ ಎಂದೆ.

"ಧಾರಾಳ ಅಲ್ಲ ಕಣಮ್ಮ, ರೂಢಿ ಆಗ್ಬುಟ್ಟೈತೆ" ಎಂದು ನಗುತ್ತಾರೆ.

ಎರಡು ವರ್ಷದ ಹಿಂದೆ ಅವರ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಕಂಡಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಕೂದಲು ಉದುರಿದ್ದಕ್ಕೆ ಅವರೇನೂ ಮರುಗಲಿಲ್ಲ. ಆದರೆ ಕೀಮೋಗೆ ಬೆರಳ ತುದಿ ಜೋಮು ಹಿಡಿದು ಹೂವಿಗೆ ಗಂಟು ಬೀಳದಾಯಿತು. ಕಂಕುಳ ಗ್ರಂಥಿ ತೆಗೆದಿದ್ದರಿಂದ ಎಡಗೈ ಮೇಲೇಳಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಇಲ್ಲಿ ಕೈಯೇ ಮುನಿಸಿಕೊಂಡಿತ್ತು.

"ಸಾಯ್ತೀನಿ ಅಂತ ಅಳ್ನಿಲ್ಲ. ಇನ್ಮ್ಯಾಕೆ ಮೂಲೇಲಿ ಕೂತ್ಕಂಡು ಉಣ್ಬೇಕಲ್ಲ ಅಂತ ಅತ್ತೆ."

ಪಕ್ಕದಲ್ಲಿ ಹೂವು ಮಾರುವ ಮಂಜಮ್ಮ, ಚಿಕಿತ್ಸೆ ಮುಗಿಯುವವರೆಗೂ ಚಿಕ್ಕಹನುಮಕ್ಕನ ಜಾಗದಲ್ಲಿ ಬುಟ್ಟಿ ಬೋರಲು ಹಾಕಿ, ಬೇರೆ ಯಾರೂ ಕೂರದಂತೆ ಕಾದರು. ಚಿಕ್ಕಹನುಮಕ್ಕ ಮರಳಿದ ಮೇಲೂ ಬೆರಳಿನ ಜೋಮು ಇಳಿಯುವವರೆಗೆ ಹೂವು ಕಟ್ಟಿಕೊಟ್ಟವರು ಮಂಜಮ್ಮನೇ. ಅಳತೆ ಮಾತ್ರ ಚಿಕ್ಕಹನುಮಕ್ಕನದು. ಇಲ್ಲಿ ಮಾರು ಎಂದರೆ ಕೈ ಚಾಚಿಯೇ ತೋರಿಸಬೇಕು, ಮೊಳ ಎಣಿಸಿ ಕೊಟ್ಟರೆ ಗಿರಾಕಿಗಳು ಅನುಮಾನ ಪಡುತ್ತಾರೆ. ಎಡಗೈ ಅರ್ಧಕ್ಕೇ ನಿಲ್ಲುತ್ತಿತ್ತು. ಯಾರಿಗೂ ಮೋಸವಾಗಬಾರದೆಂದು ಪ್ರತಿ ಮಾರಿಗೂ ಒಂದು ಮೊಳ ಸೇರಿಸತೊಡಗಿದರು.

ಗೋಡೆ ಮೇಲೆ ಬೆರಳು ಹತ್ತಿಸಿ ಕೈ ಎತ್ತುವ ವ್ಯಾಯಾಮವನ್ನು ನರ್ಸ್ ಹೇಳಿಕೊಟ್ಟಿದ್ದರು. ಮನೆಯಲ್ಲಿ ಗೋಡೆ, ಇಲ್ಲಿ ಹೂವು, ಹೀಗೆ ಕೈ ಇಷ್ಟಿಷ್ಟೇ ತೆರೆಯಿತು. ಭಾರ ಎತ್ತುವಂತಿಲ್ಲ, ಬುಟ್ಟಿ ಹೊರುವುದು ಈಗ ಗಂಡ ಭೀಮರಾಜು. ಮುಳ್ಳು ಚುಚ್ಚಿದರೆ ಕೈ ಬಾತುಕೊಂಡೀತೆಂದು ಗುಲಾಬಿಯನ್ನು ಮಂಜಮ್ಮನಿಗೇ ಬಿಟ್ಟಿದ್ದಾರೆ.

ಕೈ ಪೂರ್ತಿ ಚಾಚಿದ್ದನ್ನು ಮೊದಲು ಕಂಡವರೂ ಮಂಜಮ್ಮನೇ. "ಅಕ್ಕಯ್ಯ, ಮಾರು ತುಂಬೈತೆ ನೋಡು. ಇನ್ನೂ ಯಾಕೆ ಮೊಳ ಹಾಕ್ತೀಯ?" ಎಂದರಂತೆ. ಇಷ್ಟು ದಿನ ಆ ಕೊಸರು ಯಾಕೆ ಬರುತ್ತಿತ್ತೆಂದು ಗಿರಾಕಿಗಳಿಗೆ ತಿಳಿದದ್ದು ಆಗಲೇ. ಕೆಲವರು ಇನ್ನು ಬೇಡ ಎಂದರೂ ಇವರು ಬಿಡುವುದಿಲ್ಲ.

"ನನ್ ಕೈ ಬಾರ್ದಾಗ್ಲೂ ನನ್ನತ್ರನೇ ಬಂದ್ರಲ್ಲ ಅವ್ರು. ಹೆಂಗೆ ನಿಲ್ಸಾದು?"

ನಾನೂ ಒಂದು ಮಾರು ಕೊಂಡೆ. ಅನುಮಾನ ಇದ್ದರೆ ಅಳೆದುಕೊಳ್ಳಿ ಎಂದು ಕೆಣಕಿದರು. ಕೈ ಚಾಚಿದೆ. ಹೂವು ಎರಡೂ ಕಡೆ ನನ್ನ ಬೆರಳು ದಾಟಿ ಜೋತುಬಿತ್ತು. ಕೊಸರಿನಿಂದ ಹಾಗಾಯಿತು ಎಂದೆ. ಅವರು ಎದ್ದು ನಿಂತು, ಆ ಎಡಗೈಯನ್ನು ನನ್ನ ಕೈಯ ಪಕ್ಕಕ್ಕೆ ನೆಟ್ಟಗೆ ಹಿಡಿದರು.

"ಕೊಸರು ಬುಟ್ಟು ನೋಡಮ್ಮ. ನಿಮ್ ಕೈನೇ ಗಿಡ್ಡ."