ಆಮ್ದಿಯ ಕೋಲು, ಅಜ್ಜನ ಕಾಲು

ಕೇಳಿ, ನಮ್ಮ ಡೋಲಿನ ಆಮ್ದಿಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಪೇಟೆಯಲ್ಲಿ ಸಿಕ್ಕರೆ ಮೊದಲು ನನ್ನ ಹೆಜ್ಜೆ ನೋಡಿ, ಆಮೇಲೆ "ಓ, ಗ್ಲಿಗೊರಣ್ಣನ ಮೊಮ್ಮಗಳು!" ಅನ್ನುತ್ತಾನೆ. ತಪ್ಪು ಅವನದಲ್ಲ. ನಮ್ಮ ಬೆರೊವೊ ಊರ ಕಡೆ ಡೋಲಿನವನು ಕುಣಿಸುವುದಿಲ್ಲ. ಕೈ ಕೈ ಹಿಡಿದು ಕುಣಿಯುವ ಸಾಲಿನ ಮುಂದಾಳಿನ ಕಾಲು ನೋಡಿ ಬಾರಿಸುತ್ತಾನೆ. ಕಾಲು ನೆಲ ಮುಟ್ಟುವ ಮೊದಲು ಕೋಲು ಚರ್ಮ ಮುಟ್ಟಬಾರದು. ಅವನಪ್ಪ ಹಾಗೇ ಕಲಿಸಿದ್ದ. ತಪ್ಪಿದರೆ ಅದೇ ಕೋಲು ಬೆನ್ನಿಗೆ.

ಅಕ್ಕನ ಮದುವೆಗೆ ಮುಂದಾಳು ನಮ್ಮ ಅಜ್ಜ ಗ್ಲಿಗೊರ್. ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದ.

"ಬೀಳ್ತೀಯ ಮುದುಕಾ, ಗಂಡಿನ ದೊಡ್ಡಪ್ಪ ಕುಣಿಯಲಿ ಬಿಡು," ಅಂದಳು ಅಜ್ಜಿ.

"ನನ್ನ ಹುಡುಗೀನ ಗೇಟಿನ ತನಕ ಕುಣಿಸಿಕೊಂಡು ಹೋಗೋನು ನಾನೇ. ನೀನು ಹುರುಳಿಕಾಯಿ ನೋಡ್ಕೋ, ತಳ ಹಿಡೀತಿದೆ."

ನಡುವೆ ಕುಣಿತ ನಿಂತರೆ ಮುಂದಾಳು ಬೀಸುವ ಕೈವಸ್ತ್ರ ಬೇರೆಯವರ ಪಾಲು, ಅದರ ಜೊತೆ ಸಾಲಿನ ಮುಂದಿನ ಜಾಗವೂ. ಅದು ಗೊತ್ತಿದ್ದೇ ದೊಡ್ಡಪ್ಪ ಹತ್ತಿರವೇ ನಿಂತಿದ್ದ, ಮೀಸೆ ತೀಡುತ್ತಾ.

ಓಲಗದಂಥ ಜುರ್ಲಾ ರಾಗ ಎಳೆಯಿತು. ಅಜ್ಜ ಎಡಗಾಲೆತ್ತಿದ, ಆಮ್ದಿ ಕೋಲೆತ್ತಿದ. ಕಾಲೂ ಇಳಿಯಲಿಲ್ಲ, ಕೋಲೂ ಇಳಿಯಲಿಲ್ಲ. ಹಿಂದಿನ ಸಾಲಿಡೀ ಕೊಕ್ಕರೆಗಳ ಹಾಗೆ ಒಂಟಿಕಾಲಿನಲ್ಲಿ. ಜುರ್ಲಾದವನ ಕೆನ್ನೆ ಬದನೆಕಾಯಿ.

"ಹೊಡಿಯೋ ಆಮ್ದಿ!"

"ನೀವು ಕಾಲಿಡಿ ಗ್ಲಿಗೊರಣ್ಣ!"

"ನೀನು ಹೊಡೀದೆ ಹೆಂಗೋ ಕಾಲಿಡ್ಲಿ?"

"ನೀವು ಇಡದೆ ಹೆಂಗೆ ಹೊಡೀಲಿ?"

ಅಜ್ಜ ಹಲ್ಲು ಕಚ್ಚಿ ಪಿಸುಗುಟ್ಟಿದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಈ ಎಡಪಾದ ಸತ್ತಿದೆ ಕಣೋ. ನೆಲ ಎಲ್ಲಿದೆ ಅಂತಾನೇ ತಿಳೀತಿಲ್ಲ. ನಿನ್ನ ಡೋಲೇ ಹೇಳ್ಬೇಕು."

ಆಮ್ದಿ ಕಕ್ಕಾಬಿಕ್ಕಿ. ಕಾಲು ನೋಡಿದ, ಕೋಲು ನೋಡಿದ, ಆಕಾಶ ನೋಡಿದ. ಜೀವಮಾನದಲ್ಲಿ ಅವನು ಕಾಲಿಗಿಂತ ಮೊದಲು ಬಾರಿಸಿದವನೇ ಅಲ್ಲ. ದೊಡ್ಡಪ್ಪ ಕೈವಸ್ತ್ರಕ್ಕೆ ಕೈ ಚಾಚಿದ.

ಆಮ್ದಿ ಕಣ್ಣು ಮುಚ್ಚಿ ಹೊಡೆದ. ಧಮ್! ಅಜ್ಜನ ಕಾಲು ಇಳಿಯಿತು.

ಆಮೇಲಿನದು ಏನು ತಾಳವೋ ದೇವರೇ ಬಲ್ಲ. ಎಡಗಾಲಿಗೆ ಕೋಲು ಮುಂದೆ, ಬಲಗಾಲಿಗೆ ಕಾಲು ಮುಂದೆ. ಸಾಲಿನಲ್ಲಿ ಯಾರು ಯಾರನ್ನು ತುಳಿದರೋ ಲೆಕ್ಕವಿಲ್ಲ. ಆದರೆ ಅಕ್ಕ ಗೇಟು ದಾಟುವಾಗ ಕೈವಸ್ತ್ರ ಅಜ್ಜನ ಕೈಯಲ್ಲೇ ಇತ್ತು.

ಊಟಕ್ಕೆ ಕರೆದರೆ ಆಮ್ದಿ ಏಳಲಿಲ್ಲ. ಡೋಲು ತಬ್ಬಿಕೊಂಡು ನನ್ನ ಚಪ್ಪಲಿಯನ್ನೇ ನೋಡುತ್ತಾ ಕೇಳಿದ: "ಏನಮ್ಮಾ, ನಾನು ಬಾರಿಸಿದ್ದು ಸರೀನೋ ತಪ್ಪೋ? ಅಪ್ಪ ಇದ್ದಿದ್ರೆ ಹೊಡೀತಿದ್ದನಾ?"