ಐತಪ್ಪ ಮಾಷ್ಟ್ರ ಅಮೆರಿಕ

ಜಿನ್ನು, ಪಿಶಾಚಿ, ಕನಸಿನಲ್ಲಿ ಬಂದು ಬುದ್ಧಿ ಹೇಳಿದ ಅಜ್ಜ, ಇಂಥ ಮಾತು ಬಂದಾಗ ನಾನು ಎದ್ದು ಹೋಗುವವಳಲ್ಲ. ಕೊನೆಯವರೆಗೆ ಕೂತು ಕೇಳಿ, ಆಮೇಲೆ ಪ್ರಶ್ನೆ ಹಾಕುವವಳು. ಕಂಡದ್ದು ಯಾರು, ಜೊತೆಗೆ ಇನ್ಯಾರಿದ್ದರು, ಹಗಲೋ ರಾತ್ರಿಯೋ? ಎರಡನೆಯ ಪ್ರಶ್ನೆಗೇ ಹೇಳುವವರ ಮುಖ ಸಣ್ಣಗಾಗುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಪುರಾವೆ ಇಲ್ಲದ್ದು ಚರಿತ್ರೆಯಲ್ಲ ಎಂದು ಮಕ್ಕಳ ತಲೆಗೆ ತುಂಬಿ ತುಂಬಿ, ಅದು ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂತುಬಿಟ್ಟಿತ್ತು. ಈಗ ನನ್ನದೇ ಒಂದು ಅನುಭವ ಹೇಳಲು ಹೊರಟಿದ್ದೇನೆ. ನೀವೂ ಅದೇ ಪ್ರಶ್ನೆ ಹಾಕಿ, ಬೇಸರವಿಲ್ಲ. ಉತ್ತರ ಮಾತ್ರ ನನ್ನಲ್ಲಿಲ್ಲ.

ಮೊದಲು ಐತಪ್ಪ ಮಾಷ್ಟ್ರ ವಿಷಯ ಹೇಳಬೇಕು. ನಾನು ಉಪ್ಪಳದ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯಲ್ಲಿದ್ದಾಗ ಅವರು ನಮಗೆ ಚರಿತ್ರೆ ಕಲಿಸುತ್ತಿದ್ದರು. ಒಳ್ಳೆಯ ತಾಳಮದ್ದಳೆ ಅರ್ಥಧಾರಿ. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಪಾತ್ರವಾಗಿ ಎದುರಿನವರ ಜೊತೆ ವಾದಕ್ಕಿಳಿಯುವ ಆ ಕಲೆಯನ್ನು ಅವರು ತರಗತಿಗೂ ತಂದಿದ್ದರು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಬಂತೆಂದರೆ ಕಿಟಕಿ ಬದಿಯ ಸಾಲು ಇಂಗ್ಲೆಂಡ್, ಗೋಡೆ ಬದಿಯ ಸಾಲು ಅಮೆರಿಕ. ನಡುವೆ ನಡೆದಾಡುವ ಜಾಗವೇ ಅಟ್ಲಾಂಟಿಕ್ ಸಾಗರ. ಮಾಷ್ಟ್ರು ಆ ಸಾಗರದಲ್ಲಿ ನಿಂತು, ಬೆಂಚಿಗೆ ಎರಡು ಪೆಟ್ಟು ಹಾಕಿ, ಒಮ್ಮೆ ರಾಜನಾಗಿ ಗುಡುಗಿದರೆ ಮತ್ತೊಮ್ಮೆ ವಸಾಹತಿನ ರೈತನಾಗಿ ಕೇಳುತ್ತಿದ್ದರು. ನಾವೂ ಎದ್ದು ವಾದಿಸಬೇಕಿತ್ತು. ಬಾಯಿ ಬಿಡದವರಿಗೆ ಬಿಡುಗಡೆಯೇ ಇರಲಿಲ್ಲ.

ನಮ್ಮೂರಲ್ಲಿ ಅಮೆರಿಕದ ಸ್ವಾತಂತ್ರ್ಯ ಯಾರಿಗೆ ನೆನಪುಂಟು ಹೇಳಿ! ನಮ್ಮದೇ ಸ್ವಾತಂತ್ರ್ಯ ಪಾಯಸದ ದಿನ ನೆನಪಾಗುತ್ತದೆ, ಅಷ್ಟೆ. ಒಮ್ಮೆ ನಮ್ಮ ಯಜಮಾನರ ಚಪ್ಪಲಿ ಅಂಗಡಿಯಲ್ಲಿ ಈ ಮಾತು ಬಂದಾಗ, "ಎಂತ, ಅಮೆರಿಕವನ್ನು ಕೂಡಾ ಯಾರಾದ್ರೂ ಆಳಿದ್ದುಂಟಾ ಮಾರಾಯ್ರೆ?" ಎಂದು ಗಿರಾಕಿಯೊಬ್ಬರು ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಲೋಕಕ್ಕೆಲ್ಲ ಜೋರು ಮಾಡುವ ದೇಶವೂ ಒಂದು ಕಾಲದಲ್ಲಿ ಇನ್ನೊಬ್ಬರ ಕೈಕೆಳಗೆ ಇತ್ತು ಎಂದು ನಂಬಲು ಅವರಿಗೆ ಕಷ್ಟವಾಗಿತ್ತು. ಆದರೆ ಐತಪ್ಪ ಮಾಷ್ಟ್ರ ಕೈಯಲ್ಲಿ ಕಲಿತವರ ಕತೆಯೇ ಬೇರೆ. ನನ್ನ ಸಹಪಾಠಿಯೊಬ್ಬ ಮೀನಿನ ಲಾರಿ ಇಟ್ಟುಕೊಂಡಿದ್ದಾನೆ. ಈಗಲೂ ಪೇಟೆಯಲ್ಲಿ ಸಿಕ್ಕಿದರೆ, "ಏ ಇಂಗ್ಲೆಂಡ್, ನಮ್ಮ ತೆರಿಗೆ ವಾಪಸ್ ಕೊಡು" ಎಂದು ಕೂಗುತ್ತಾನೆ. ನಾನು ಕಿಟಕಿ ಬದಿಯ ಸಾಲಿನವಳು.

ಅದೇ ಶಾಲೆಗೆ ನಾನು ಟೀಚರಾಗಿ ಬಂದೆ. ಮಾಷ್ಟ್ರ ಹಾಗೆ ಕಲಿಸಲು ಒಮ್ಮೆ ಪ್ರಯತ್ನಿಸಿದ್ದೆ. ನಾನು ರಾಜನ ಹಾಗೆ ಗುಡುಗಿದ್ದಕ್ಕೆ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಗೆ ಬಿಟ್ಟೆ. ನಕ್ಷೆ ತೂಗುಹಾಕಿ, ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡುವುದು ನನಗೆ ಒಗ್ಗಿತು.

ಹೀಗಿರುವಾಗ, ಕೆಲವು ವರ್ಷಗಳ ಹಿಂದೆ, ಶಾಲೆ ತೆರೆದು ಒಂದೂವರೆ ತಿಂಗಳಾಗುವಾಗ ನಮ್ಮವರಿಗೆ ಹೃದಯದ ತೊಂದರೆ ಕಾಣಿಸಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಾನು ರಜೆ ಹಾಕಿ ಅಲ್ಲೇ ಉಳಿದೆ. ನನ್ನ ತರಗತಿಗಳನ್ನು ಹೊಸದಾಗಿ ನೇಮಕವಾಗಿ ಬಂದಿದ್ದ ಯುವಕನಿಗೆ ಒಪ್ಪಿಸಿದ್ದರು. ತೆಂಕಣ ಜಿಲ್ಲೆಯ ಮಲಯಾಳಿ, ಒಳ್ಳೆಯ ಹುಡುಗ, ಕನ್ನಡ ಮಾತ್ರ ಒಂದಕ್ಷರ ಬಾರದು. ಅವನನ್ನು ಬೈದು ಪ್ರಯೋಜನವಿಲ್ಲ, ಕಳಿಸಿದವರು ಬೇರೆ. ಪಾಪ, ಬೋರ್ಡಿನಲ್ಲಿ ಹಡಗು ಬಿಡಿಸಿ, ಬಾಣದ ಗುರುತು ಹಾಕಿ ತಿಳಿಸಲು ನೋಡುತ್ತಿದ್ದನಂತೆ. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ, ತುಳು, ಕೊಂಕಣಿ ಆಡುವವರು. ಪೇಟೆಯ ಮಲಯಾಳ ಅವರಿಗೆ ಬರುತ್ತದೆ. ಆದರೆ ಪುಸ್ತಕ ಇರುವುದು ಕನ್ನಡದಲ್ಲಿ, ಪರೀಕ್ಷೆ ಬರೆಯುವುದೂ ಕನ್ನಡದಲ್ಲಿ. ಅವನು ಹೇಳಿದ್ದನ್ನು ಅವರು ಬರೆಯುವುದು ಹೇಗೆ?

ಆಸ್ಪತ್ರೆಗೆ ದಿನಾ ಫೋನು. ರಮ್ಲತ್ ಎಂಬ ಹುಡುಗಿ, ತರಗತಿಯಲ್ಲಿ ಬಾಯಿಯೇ ತೆರೆಯದವಳು, ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದಳು, "ಟೀಚರ್, ನೀವು ಯಾವಾಗ ಬರುದು? ಓಣಂ ಪರೀಕ್ಷೆ ಹತ್ರ ಬಂತು. ನಮಗೆ ಎಂತದೂ ಗೊತ್ತಾಗುದಿಲ್ಲ." ನಾನು "ಬರ್ತೇನೆ ಮಗಾ" ಎನ್ನುತ್ತಿದ್ದೆ. ಈಚೆ ನೋಡಿದರೆ ಇವರು, ಎದ್ದು ಕೂರಲೂ ಆಸರೆ ಬೇಕು. ಮಗಳಿಗೆ ಕಣ್ಣೂರಿನಲ್ಲಿ ಕಾಲೇಜು. ಕೊನೆಗೆ ವರ್ಷದ ಕೊನೆಯವರೆಗೂ ರಜೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಆ ತರಗತಿಯನ್ನು ನಡುನೀರಿನಲ್ಲಿ ಬಿಟ್ಟ ಹಾಗೆಯೇ. ಇವರು ಬೇಡ ಎಂದರು. "ನೀವು ಸುಮ್ನೆ ಮಲಗಿ" ಎಂದು ಗದರಿದೆ.

ಡಿಸ್ಚಾರ್ಜಿನ ಹಿಂದಿನ ದಿನ, ನಾದಿನಿಯನ್ನು ಇವರ ಹತ್ತಿರ ಕೂರಿಸಿ, ಹೆಡ್‌ಮಾಸ್ಟರಿಗೆ ಮುಖತಃ ಹೇಳಿಬರಲು ಹೊರಟೆ. ಹೆದ್ದಾರಿ ಕೆಲಸದಿಂದಾಗಿ ತಲಪಾಡಿಯ ಹತ್ತಿರ ಬಸ್ಸು ತುಂಬ ಹೊತ್ತು ಕದಲಲೇ ಇಲ್ಲ. ಕಂಡಕ್ಟರನ ಜೊತೆ ಜಗಳ ಮಾಡಿದ ಒಬ್ಬ ಅಜ್ಜಿ, ಕಿಟಕಿಯಾಚೆಯ ಕೆಂಪು ಧೂಳು, ಎಲ್ಲ ನನಗೆ ಚೆನ್ನಾಗಿ ನೆನಪುಂಟು. ಉಪ್ಪಳದಲ್ಲಿ ಇಳಿದು ಶಾಲೆ ತಲುಪುವಾಗ ಊಟದ ನಂತರದ ಪಿರಿಯಡ್ ಮುಗಿಯುತ್ತಾ ಬಂದಿತ್ತು. ಆ ದಿನ ಒಳ್ಳೆಯ ಬಿಸಿಲಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಕತ್ತಲಿನ ಕತೆ ಎಂದು ನೀವು ತಳ್ಳಿಹಾಕಬಾರದು.

ಆಫೀಸಿಗೆ ಹೋಗಬೇಕಾದರೆ ನನ್ನ ತರಗತಿಯ ಮುಂದಿನಿಂದಲೇ ಹೋಗಬೇಕು. ಜಗಲಿಯಲ್ಲಿ ನಡೆಯುತ್ತಿದ್ದವಳಿಗೆ ಬೆಂಚಿಗೆ ಬಿದ್ದ ಎರಡು ಪೆಟ್ಟು ಕೇಳಿಸಿತು. ಅದರ ಹಿಂದೆಯೇ ಸ್ವರ. "ಮಹಾರಾಜರೇ, ಸಮುದ್ರದಾಚೆ ಕೂತು ನಮ್ಮ ಚಹಾಕ್ಕೆ, ಕಾಗದಕ್ಕೆ ತೆರಿಗೆ ಹಾಕ್ತೀರಿ. ನಿಮ್ಮ ಸಭೆಯಲ್ಲಿ ನಮ್ಮವನೊಬ್ಬನಿಗೆ ಮಣೆ ಹಾಕಿದ್ದುಂಟಾ? ಮಣೆ ಇಲ್ಲದ ಮೇಲೆ ತೆರಿಗೆ ಎಲ್ಲಿಯದ್ದು?" ಮಾತಿನ ಕೊನೆಗೆ ಗಂಟಲು ಸರಿಮಾಡುವ ಆ ಸಣ್ಣ ಕೆಮ್ಮು ಕೂಡಾ! ಐತಪ್ಪ ಮಾಷ್ಟ್ರು. ಇದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ.

ನಿವೃತ್ತರಾದ ಮೇಲೆ ಮಾಷ್ಟ್ರು ಕಾರಡ್ಕದ ಕಡೆ ಮನೆ ಮಾಡಿದ್ದರು. ಪಕ್ಷವಾತವಾಗಿ ಹಾಸಿಗೆ ಹಿಡಿದು, ಮಾತು ನಿಂತೇ ಹೋಗಿತ್ತು. ಹಿಂದಿನ ರಜೆಯಲ್ಲಿ ನೋಡಲು ಹೋದಾಗ ನನ್ನ ಹೆಸರು ಹೇಳಲೂ ಆಗದೆ ಕಣ್ಣೀರು ಹಾಕಿದ್ದರು. ಆದರೆ ಜಗಲಿಯಲ್ಲಿ ನಿಂತ ಆ ಗಳಿಗೆಯಲ್ಲಿ ನನಗೆ ಹೆದರಿಕೆಯೇ ಆಗಲಿಲ್ಲ. ಅಯ್ಯೋ, ಮಾಷ್ಟ್ರಿಗೆ ಗುಣವಾಗಿ ಶಾಲೆಗೇ ಬಂದುಬಿಟ್ಟಿದ್ದಾರಲ್ಲ ಎಂದು ಸಂತೋಷವೇ ಆಯಿತು. ರಾಜನ ಉತ್ತರ ಕೇಳಿದೆ, ರೈತನ ಮರುಮಾತು ಕೇಳಿದೆ. ಮಕ್ಕಳು ನಕ್ಕದ್ದು ಕೇಳಿದೆ. ಓಡುವ ಹಾಗೆ ಹೋಗಿ ಬಾಗಿಲು ದಾಟಿದೆ.

ಒಳಗೆ ಮಕ್ಕಳು ಮಾತ್ರ. ಮೇಜಿನ ಹತ್ತಿರ ಯಾರೂ ಇಲ್ಲ. ಬೆಂಚುಗಳು ಎರಡು ಪಾಲಾಗಿ, ನಡುವೆ ಅಗಲ ದಾರಿ ಬಿಟ್ಟು ಸರಿದಿದ್ದವು. ನನ್ನನ್ನು ಕಂಡು ಒಬ್ಬರೂ ಆಶ್ಚರ್ಯಪಡಲಿಲ್ಲ. ಅಷ್ಟು ದಿನದ ಮೇಲೆ ಬಂದ ಟೀಚರನ್ನು ಕಂಡು ಗದ್ದಲ ಮಾಡಲಿಲ್ಲ, ಏಳಲೂ ಇಲ್ಲ. ರಮ್ಲತ್ ಮಾತ್ರ ಕೇಳಿದಳು, "ನೀರು ಕುಡಿದಾಯ್ತಾ ಟೀಚರ್?"

"ಯಾವ ನೀರು?" ಎಂದೆ.

"ಈಗ ನೀರು ಕುಡಿದು ಬರ್ತೇನೆ ಹೇಳಿ ಹೊರಗೆ ಹೋದದ್ದಲ್ವಾ ನೀವು?"

ಕುರ್ಚಿಯಲ್ಲಿ ಕೂತೆ. ಯಾರು ಪಾಠ ಮಾಡಿದ್ದು ಎಂದು ಕೇಳಿದೆ. "ನೀವೇ" ಎಂದರು, ಇಡೀ ತರಗತಿ. ಊಟದ ಗಂಟೆ ಕಳೆದ ಮೇಲೆ ಬಂದಿರಿ, ಬೆಂಚು ಸರಿಸಲು ಹೇಳಿದಿರಿ, ಇಷ್ಟು ಚಂದ ಒಮ್ಮೆಯೂ ಮಾಡಿರಲಿಲ್ಲ ಎಂದರು. ಕೊನೆಯದು ನನಗೆ ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಮಕ್ಕಳು ಸೇರಿಕೊಂಡು ತಮಾಷೆ ಮಾಡುತ್ತಿರಬಹುದೆಂದು ಪಾಠದ ಮೇಲೆ ಪ್ರಶ್ನೆ ಕೇಳಿದೆ. ಬಾಯಿ ತೆರೆಯದ ರಮ್ಲತ್ ಎದ್ದು ನಿಂತು ರಾಜನ ಜೊತೆ ವಾದಕ್ಕಿಳಿದಳು! ತೆರಿಗೆ ಯಾಕೆ ಬಂತು, ಮನವಿಗಳು ಹೇಗೆ ಮೂಲೆ ಸೇರಿದವು, ಫ್ರಾನ್ಸ್ ಯಾಕೆ ಸಹಾಯಕ್ಕೆ ಬಂತು, ಎಲ್ಲ ಸರಾಗ. ಹಿಂದಿನ ಬೆಂಚಿನ ಹುಡುಗನೊಬ್ಬ, ಎಲ್ಲರೂ ಸಮಾನರೆಂದು ಘೋಷಿಸಿದವರ ಹೊಲದಲ್ಲೇ ಗುಲಾಮರು ದುಡಿಯುತ್ತಿದ್ದರು, ಅದನ್ನು ಬರೆಯದೆ ಬಿಡಬಾರದು ಎಂದ. ಆಮೇಲೆ ರಮ್ಲತ್ ಹೇಳಿದಳು, "ಬೋಸ್ಟನ್ನಿನ ಕಡಲಿಗೆ ಬಿಸಾಡಿದ ಚಹಾ ನಮ್ಮ ಊರಿನದ್ದೇ ಅಲ್ವಾ ಟೀಚರ್? ನೀಲಗಿರಿಯಲ್ಲಿ ಕೊಯ್ದು, ಮಂಗಳೂರಿನಲ್ಲಿ ಹಡಗಿಗೆ ಹಾಕಿದ್ದು."

ಅದು ತಪ್ಪು, ಪೂರಾ ತಪ್ಪು. ಆ ಚಹಾ ಚೀನಾದ್ದು. ಆ ಕಾಲದಲ್ಲಿ ನೀಲಗಿರಿಯಲ್ಲಿ ಚಹಾ ತೋಟವೇ ಇರಲಿಲ್ಲ. ಪುಸ್ತಕದಲ್ಲಿ ಹಾಗಿಲ್ಲ, ನಾನು ಯಾವತ್ತೂ ಹಾಗೆ ಕಲಿಸಿದವಳಲ್ಲ. ಆದರೆ ಐತಪ್ಪ ಮಾಷ್ಟ್ರು ಪ್ರತಿ ವರ್ಷ, ಆ ಸಾಗರದಲ್ಲಿ ನಿಂತು, ಎದೆ ತಟ್ಟಿ ಇದನ್ನೇ ಹೇಳುತ್ತಿದ್ದರು. ನಮ್ಮದೇ ಚಹಾ ನೀರು ಪಾಲಾಯಿತೆಂದು ಚಿಕ್ಕಂದಿನಲ್ಲಿ ನಾವು ಹೊಟ್ಟೆ ಉರಿಸಿಕೊಂಡದ್ದುಂಟು. ಟ್ರೈನಿಂಗಿಗೆ ಹೋದ ಮೇಲೆಯೇ ನನಗೆ ಸರಿ ಸಂಗತಿ ಗೊತ್ತಾದದ್ದು.

ಸ್ಟಾಫ್‌ರೂಮಿಗೆ ಹೋದೆ. ಆ ಯುವಕ ಹಾಜರಿ ಪುಸ್ತಕ ತುಂಬುತ್ತಾ ಕೂತಿದ್ದ. ತರಗತಿಗೆ ಯಾಕೆ ಹೋಗಲಿಲ್ಲ ಎಂದದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿ, "ಟೀಚರ್ ವನ್ನಲ್ಲೋ" ಎಂದ. ಟೀಚರ್ ಬಂದರಲ್ಲ ಎಂದು. ಜಗಲಿಯ ಈ ತುದಿಯಿಂದ, ತಲೆಗೆ ಶಾಲು ಹೊದ್ದು ಬ್ಯಾಗು ಹಿಡಿದು ನಾನು ಒಳಗೆ ಹೋಗುವುದನ್ನು ಹಿಂದಿನಿಂದ ಕಂಡನಂತೆ. ಮತ್ತೆ ತನಗೇನು ಕೆಲಸ ಎಂದು ಇಲ್ಲಿ ಬಂದು ಕೂತನಂತೆ. ಸ್ವರ ಕೇಳಿಸಿತಾ ಎಂದರೆ, ಇಲ್ಲ, ಮಕ್ಕಳು ಅಷ್ಟು ಸುಮ್ಮನಿದ್ದದ್ದು ತನಗೂ ಆಶ್ಚರ್ಯವಾಯಿತು ಎಂದ. ಅವನು ನನ್ನನ್ನು ಕಂಡ ಹೊತ್ತಿಗೆ ನಾನು ತಲಪಾಡಿಯಲ್ಲಿ ಆ ಅಜ್ಜಿಯ ಜಗಳ ಕೇಳುತ್ತಾ ಕೂತಿದ್ದೆ.

ಆಮೇಲೆ ಎಷ್ಟೋ ತಲೆ ಕೆಡಿಸಿಕೊಂಡಿದ್ದೇನೆ. ಮಾಷ್ಟ್ರ ಹಳೆಯ ಶಿಷ್ಯರೇ ಕೆಲವು ಮಕ್ಕಳ ಅಪ್ಪಂದಿರು. ಚಹಾದ ಕತೆ ಮನೆಯಲ್ಲಿ ಕೇಳಿರಬಹುದು. ಬೇರೆ ಯಾರೋ ಹೆಂಗಸನ್ನು ಆ ಯುವಕ ನಾನೆಂದು ಎಣಿಸಿರಬಹುದು. ನಿದ್ದೆಗೆಟ್ಟ ನನಗೆ ಇಲ್ಲದ ಸ್ವರ ಕೇಳಿಸಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಉಂಟು. ಎಲ್ಲ ಒಂದೇ ಮಧ್ಯಾಹ್ನ, ಒಂದೇ ಕೋಣೆಯಲ್ಲಿ ಆದದ್ದಕ್ಕೆ ಮಾತ್ರ ಇಲ್ಲ.

ಹೆಡ್‌ಮಾಸ್ಟರ ಹತ್ತಿರ ರಜೆಯ ಮಾತೆತ್ತದೆ ಮಂಗಳೂರಿಗೆ ಹಿಂತಿರುಗಿದೆ. ಇವರಿಗೆ ಎಲ್ಲವನ್ನೂ ಹೇಳಿದೆ. ನನ್ನ ಪುರಾವೆಯ ಹುಚ್ಚನ್ನು ಸದಾ ಗೇಲಿ ಮಾಡುತ್ತಿದ್ದವರು ಅಂದು ನಗಲಿಲ್ಲ. ನಮ್ಮ ಬ್ಯಾರಿ ಮಾತಿನಲ್ಲಿ ಹೇಳಿದರು, "ನಾಡಿದ್ದಿನಿಂದ ನೀನೇ ಹೋಗು ಮಾರಾಯ್ತಿ. ಹಾಸಿಗೆ ಹಿಡಿದ ಮಾಷ್ಟ್ರಿಗೆ ಯಾಕೆ ಕಷ್ಟ ಕೊಡುದು?" ಪಕ್ಕದಲ್ಲಿದ್ದ ನಾದಿನಿ, ತಾನು ಬಂದು ಮನೆಯಲ್ಲಿ ನಿಲ್ಲುತ್ತೇನೆ ಎಂದಳು. ಬಾಯಿಬಿಟ್ಟು ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದಳು. ನಾನು ಕೇಳಿಯೇ ಇರಲಿಲ್ಲ. ನಾನು ಶಾಲೆಗೆ ಹೋದೆ. ಮೊದಲ ದಿನ ಚಹಾ ಎಲ್ಲಿಯದ್ದೆಂದು ತಿದ್ದಿದೆ. ಮಕ್ಕಳಿಗೆ ತುಂಬಾ ಬೇಜಾರಾಯಿತು. ಆ ವರ್ಷ ಅವರೆಲ್ಲ ಪಾಸಾದರು.

ಓಣಂ ರಜೆ ಸಿಕ್ಕಿದ ಕೂಡಲೇ ಕಾರಡ್ಕಕ್ಕೆ ಹೋದೆ. ಮಾಷ್ಟ್ರ ಹೆಂಡತಿ ಲೀಲಕ್ಕ ಬಾಗಿಲು ತೆರೆದರು. ಮಾಷ್ಟ್ರು ಹಾಗೆಯೇ ಇದ್ದರು, ಇನ್ನೂ ಸಣ್ಣಗಾಗಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಗೆ ಸುರು ಮಾಡುವುದೆಂದು ಯೋಚಿಸಿದ್ದೆ. ಹುಚ್ಚು ಹಿಡಿದಿದೆ ಎಂದುಕೊಂಡಾರು ಎಂದು ಲೀಲಕ್ಕನಿಗೂ ಏನೂ ಹೇಳಿರಲಿಲ್ಲ. ಮಂಚದ ಬದಿಯಲ್ಲಿ ಕೂತು ಅವರ ಕೈ ಹಿಡಿದೆ. ಅವರು ನನ್ನನ್ನೇ ನೋಡುತ್ತಾ ತುಟಿ ಅಲುಗಿಸಿದರು. ಗೊರಗೊರ ಎಂದು ಏನೋ ಹೊರಟಿತು. ನನಗೆ ತಿಳಿಯಲಿಲ್ಲ. ಮತ್ತೆ ಅದನ್ನೇ ಹೇಳಿದರು, ಹಣೆಯಲ್ಲಿ ಬೆವರು ಬಂತು.

ಲೀಲಕ್ಕ ಬಗ್ಗಿ ಕಿವಿಯಿಟ್ಟು ಕೇಳಿ, ಸೆರಗಿನಿಂದ ಅವರ ಬಾಯಿ ಒರೆಸಿದರು. "ಮಕ್ಕಳಿಗೆ ಗೊತ್ತಾಯ್ತಾ ಅಂತ ಕೇಳುದು. ಬಂದವರೆಲ್ಲ ಟೀಚರ್ ಅಂತ ಎಣಿಸುದು ಇವರು" ಎಂದು ನಕ್ಕು, ಗಂಜಿ ನೋಡಲು ಒಳಗೆ ಹೋದರು.

ಯಾವ ಮಕ್ಕಳು ಎಂದು ನಾನು ಕೇಳಬಹುದಿತ್ತು. ಜೀವಮಾನವೆಲ್ಲ ಅಂಥದ್ದೇ ಪ್ರಶ್ನೆ ಹಾಕಿದವಳು ನಾನು. ಕೇಳಲಿಲ್ಲ. ಅವರ ಕೈಯನ್ನು ನನ್ನ ಎರಡು ಕೈಯಲ್ಲೂ ಹಿಡಿದುಕೊಂಡು, "ಗೊತ್ತಾಯ್ತು ಮಾಷ್ಟ್ರೇ, ಎಲ್ಲರಿಗೂ ಗೊತ್ತಾಯ್ತು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದೆ. ಅವರು ಕಣ್ಣು ಮುಚ್ಚಿದರು. ಪಾಠ ಮುಗಿಸಿ ಬಂದವರ ಹಾಗೆ, ಅಲ್ಲೇ ನಿದ್ದೆ ಹೋದರು.